ಇಸಾಬೆಲ್ಲಾ ಲಿಯೊನಾರ್ದಾ, ನೋವಾರದ ಕನ್ಯಾಮಠದ ಸಂಗೀತ ಶಿಕ್ಷಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಸಾಬೆಲ್ಲಾ ಲಿಯೊನಾರ್ದಾ ಯಾರು?

ಹದಿನೇಳನೆಯ ಶತಮಾನದಲ್ಲಿ ಉತ್ತರ ಇಟಲಿಯ ನೋವಾರ ಪಟ್ಟಣದಲ್ಲಿ ಬಾಳಿದ ಕಥೋಲಿಕ ಕನ್ಯಾಸ್ತ್ರೀ. 1620ರ ಸೆಪ್ಟೆಂಬರ್ 6ರಂದು ಹುಟ್ಟಿದ ಅವರು 1636ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅದೇ ಊರಿನ ಸಂತ ಉರ್ಸುಲಾ ಕನ್ಯಾಮಠವನ್ನು ಸೇರಿದರು. 1704ರ ಫೆಬ್ರವರಿ 25ರಂದು ತೀರಿಕೊಳ್ಳುವವರೆಗೆ, ಅಂದರೆ ಸುಮಾರು ಅರವತ್ತೆಂಟು ವರ್ಷ, ಅದೇ ಅವರ ಮನೆಯಾಗಿತ್ತು. ಆ ಅವಧಿಯಲ್ಲಿ ಅವರು ಮಠದ ಸಹೋದರಿಯರಿಗೆ ಸಂಗೀತ ಕಲಿಸಿದರು, ಮಠದ ಆಡಳಿತ ನಡೆಸಿದರು, ಮತ್ತು ಇಪ್ಪತ್ತು ಸಂಪುಟಗಳಲ್ಲಿ ಸುಮಾರು 200 ಸಂಗೀತ ಕೃತಿಗಳನ್ನು ರಚಿಸಿ ಮುದ್ರಣಕ್ಕೆ ಕೊಟ್ಟರು.

ಇಂದು ಅವರ ಹೆಸರು ಸಂಯೋಜಕಿಯಾಗಿ ಹೆಚ್ಚು ಪರಿಚಿತ. ಆದರೆ ಆ ಕೃತಿಗಳ ಹಿಂದೆ ಒಂದು ಪಾಠದ ಕೋಣೆ ಇತ್ತು ಎಂಬುದನ್ನು ಮರೆತರೆ ಅವರ ಬದುಕು ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪುಟದ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಆಗಿನ ನೋವಾರ ಹೇಗಿತ್ತು?

ನೋವಾರ ಇರುವುದು ಮಿಲಾನ್ ನಗರದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಈಗ ಅದು ಪಿಯೆಮೊಂತೆ ಪ್ರಾಂತಕ್ಕೆ ಸೇರಿದ್ದರೂ ಆಗ ಮಿಲಾನ್ ಸಂಸ್ಥಾನದ ಭಾಗವಾಗಿತ್ತು, ಮತ್ತು ಆ ಸಂಸ್ಥಾನವನ್ನು ಆಳುತ್ತಿದ್ದವನು ಸ್ಪೇನಿನ ದೊರೆ. ಗಡಿಯ ಊರಾದ್ದರಿಂದ ನೆಮ್ಮದಿ ಕಡಿಮೆ. ಇಸಾಬೆಲ್ಲಾ ಅವರಿಗೆ ಹತ್ತು ವರ್ಷವಾಗಿದ್ದಾಗ, 1630ರಲ್ಲಿ, ಪ್ಲೇಗ್ ಮಾರಿ ಮಿಲಾನ್ ಸುತ್ತಣ ಲೊಂಬಾರ್ದಿ ಸೀಮೆಯನ್ನೆಲ್ಲ ಬಾಚಿಕೊಂಡು ಹೋಯಿತು. ಅವರು ಮಠ ಸೇರಿದ 1636ರ ಜೂನ್ ತಿಂಗಳಿನಲ್ಲೇ, ನೋವಾರಕ್ಕೆ ಹೆಚ್ಚು ದೂರವಿಲ್ಲದ ತೊರ್ನಾವೆಂತೊ ಎಂಬಲ್ಲಿ, ತಿಚಿನೊ ನದಿಯ ಬಳಿ, ಸ್ಪೇನಿನ ಸೈನ್ಯಕ್ಕೂ ಫ್ರಾನ್ಸ್ ಮತ್ತು ಸವೊಯಾಗಳ ಕೂಡುಸೈನ್ಯಕ್ಕೂ ದೊಡ್ಡ ಕಾಳಗ ನಡೆಯಿತು.

ಇಷ್ಟಾದರೂ ಊರಿನಲ್ಲಿ ಸಂಗೀತಕ್ಕೆ ಕೊರತೆಯಿರಲಿಲ್ಲ. ಪ್ರಧಾನಾಲಯಕ್ಕೆ, ಅಂದರೆ ಬಿಷಪ್ಪರ ಪೀಠವಿರುವ ಮುಖ್ಯ ಚರ್ಚಿಗೆ, ಒಂದು ಗಾಯನ ಮಂಡಳಿ, ಊರಿನ ಪಾಲಕ ಸಂತ ಗೌದೆನ್ಸಿಯೊ ಹೆಸರಿನ ಮಹಾದೇವಾಲಯಕ್ಕೆ ಇನ್ನೊಂದು. ಎರಡಕ್ಕೂ ಸಂಬಳದ ಸಂಗೀತ ನಿರ್ದೇಶಕರಿದ್ದರು.

ಅವರು ಕನ್ಯಾಮಠ ಸೇರಿದ್ದು ದೈವಕರೆಯಿಂದಲೋ, ಮನೆಯವರ ಒತ್ತಾಯದಿಂದಲೋ?

ಅವರ ತಂದೆ ಜಾನ್ನಾಂತೋನಿಯೊ ಲಿಯೊನಾರ್ದಿ ಕಾನೂನು ಪಂಡಿತರು. ತಾಯಿ ಅಪೊಲ್ಲೋನಿಯಾ ಸಾಲಾ. ಮನೆತನ ಹಳೆಯದು, ಚರ್ಚಿನಲ್ಲಿಯೂ ನಗರಾಡಳಿತದಲ್ಲಿಯೂ ಅಧಿಕಾರ ಕಂಡವರಿದ್ದ ಕುಲ. ಅಂಥ ಮನೆತನಗಳಲ್ಲಿ ಹೆಣ್ಣುಮಕ್ಕಳನ್ನು ಮಠಕ್ಕೆ ಕಳಿಸುವುದು ಆಗ ವಾಡಿಕೆಯೇ ಆಗಿತ್ತು. ಮದುವೆಯ ವರದಕ್ಷಿಣೆ ವಿಪರೀತ ಏರಿದ್ದರಿಂದ ಒಬ್ಬಿಬ್ಬರಿಗೆ ಮದುವೆ ಮಾಡಿ ಉಳಿದವರನ್ನು ಕನ್ಯಾಮಠಕ್ಕೆ ಸೇರಿಸುತ್ತಿದ್ದರು. ಮಠಕ್ಕೂ ವರದಕ್ಷಿಣೆಯಂಥ ಒಂದು ಮೊತ್ತ ಕೊಡಬೇಕಿತ್ತಾದರೂ ಅದು ಮದುವೆಯದಕ್ಕಿಂತ ಬಹಳ ಕಡಿಮೆ. ಹಾಡಲು, ಆರ್ಗನ್ ನುಡಿಸಲು ಬಲ್ಲ ಹುಡುಗಿಯರಿಗೆ ಎಷ್ಟೋ ಮಠಗಳು ಆ ಮೊತ್ತವನ್ನೂ ಇಳಿಸುತ್ತಿದ್ದವು ಅಥವಾ ಬಿಟ್ಟೇಬಿಡುತ್ತಿದ್ದವು.

ಹಾಗೆಂದು ಎಲ್ಲರ ಬದುಕನ್ನೂ ಬಲವಂತದ ಕಥೆಯೆಂದು ಓದುವುದು ತಪ್ಪು. ಮಾತೆ ಮರಿಯಮ್ಮನವರ ಮೇಲಿನ ಇಸಾಬೆಲ್ಲಾ ಅವರ ಭಕ್ತಿ ಒಂದೆರಡು ವರ್ಷದ್ದಲ್ಲ, ಅದು ಅರ್ಧ ಶತಮಾನದ ಮುದ್ರಿತ ಪುಟಗಳ ಉದ್ದಕ್ಕೂ ಹರಿದಿದೆ. ಮಠದ ಬದುಕು ಅವರಿಗೆ ಬೇಡವಾಗಿತ್ತು ಎನ್ನುವಂಥ ಒಂದು ಮಾತೂ ಅಲ್ಲಿ ಕಾಣುವುದಿಲ್ಲ.

ಮನೆತನದ ಹೆಸರು ಲಿಯೊನಾರ್ದಿ, ಅವರ ಹೆಸರು ಲಿಯೊನಾರ್ದಾ. ಏಕೆ?

ಆ ಕಾಲದ ಇಟಲಿಯಲ್ಲಿ ಹೆಣ್ಣುಮಕ್ಕಳ ಮನೆತನದ ಹೆಸರಿಗೂ ಸ್ತ್ರೀಲಿಂಗದ ಪ್ರತ್ಯಯ ಹತ್ತುತ್ತಿತ್ತು. ಅವರ ಪುಸ್ತಕಗಳ ಮುಖಪುಟದಲ್ಲಿ ಅಚ್ಚಾಗಿರುವುದು ಇಸಾಬೆಲ್ಲಾ ಲಿಯೊನಾರ್ದಾ ಎಂದೇ.

ಉರ್ಸುಲಾ ಸಹೋದರಿಯರು ಎಂದರೆ ಯಾರು? ನಮ್ಮ ಮಂಗಳೂರಿನ ಉರ್ಸುಲಾಯಿನ್ ಸಿಸ್ಟರ್‌ಗಳಿಗೂ ಅವರಿಗೂ ಸಂಬಂಧವಿದೆಯೇ?

ಸಂತ ಆಂಜೆಲಾ ಮೆರಿಚಿಯವರು 1535ರಲ್ಲಿ ಇಟಲಿಯ ಬ್ರೆಶ್ಯಾ ಪಟ್ಟಣದಲ್ಲಿ ಸಂತ ಉರ್ಸುಲಾ ಅವರ ಹೆಸರಿನಲ್ಲಿ ಒಂದು ಭಗಿನಿಯರ ಕೂಟವನ್ನು ಆರಂಭಿಸಿದರು. ಮೊದಲ ಸದಸ್ಯೆಯರಿಗೆ ಮಠದ ಗೋಡೆಯೂ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ. ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಕನ್ಯಾವ್ರತ ಪಾಲಿಸುತ್ತಿದ್ದರು. ಮುಂದೆ ಮಿಲಾನಿನ ಮಹಾಧರ್ಮಾಧ್ಯಕ್ಷ ಸಂತ ಕಾರ್ಲೊ ಬೊರೊಮೆಯೊ ಅವರು ಇಂಥವರನ್ನು ಒಂದೇ ಸೂರಿನಡಿ ಒಟ್ಟಿಗೆ ಬಾಳುವಂತೆ ಪ್ರೋತ್ಸಾಹಿಸಿದರು. ಹೀಗೆ ಹುಟ್ಟಿದ ಮನೆಗಳಿಗೆ 'ಕೊಲ್ಲೇಜೊ' ಎಂಬ ಹೆಸರು ಬಂತು. ಇಸಾಬೆಲ್ಲಾ ಸೇರಿದ್ದು ಅಂಥದೇ ಮನೆ, ಕೊಲ್ಲೇಜೊ ದಿ ಸಾಂತೋರ್ಸೊಲಾ. ಇದನ್ನು ಇಂದಿನ ಅರ್ಥದ ಕಾಲೇಜು ಎಂದು ತಿಳಿಯಬಾರದು. ಆದರೂ ಕಲಿಸುವುದು ಉರ್ಸುಲಾ ಸಹೋದರಿಯರಿಗೆ ಮೊದಲಿನಿಂದಲೂ ಒಲಿದು ಬಂದ ಸೇವೆ. ಹೆಣ್ಣುಮಕ್ಕಳಿಗೆ ಓದು, ಧರ್ಮೋಪದೇಶ ಕಲಿಸುವ ಕೆಲಸದಿಂದಲೇ ಅವರು ಯುರೋಪಿನಾದ್ಯಂತ ಹೆಸರಾದರು.

ಮಂಗಳೂರಿನ ಉರ್ಸುಲಾಯಿನ್ ಫ್ರಾನ್ಸಿಸ್ಕನ್ ಸಂಸ್ಥೆ ಹುಟ್ಟಿದ್ದು 1887ರಲ್ಲಿ, ಜೆಸ್ವಿತ್ ಗುರುಗಳಾದ ಉರ್ಬನ್ ಸ್ಟೈನ್ ಅವರ ಪ್ರೇರಣೆಯಿಂದ. ಅದು ನೋವಾರದ ಮನೆಯ ಶಾಖೆಯಲ್ಲ, ಪ್ರತ್ಯೇಕವಾದ ಸಂಸ್ಥೆ. ಆದರೆ ಸಂತ ಆಂಜೆಲಾ ಮೆರಿಚಿಯವರನ್ನು ಮಾರ್ಗದರ್ಶಕಿಯಾಗಿ ಕಾಣುವ ನಂಟು ಎರಡಕ್ಕೂ ಇದೆ. ಕರಾವಳಿಯ ಶಾಲೆಗಳಲ್ಲಿ ಸಿಸ್ಟರ್‌ಗಳಿಂದ ಪಾಠ ಹೇಳಿಸಿಕೊಂಡವರಿಗೆ ಈ ನಂಟು ತಿಳಿದರೆ ನೋವಾರ ಅಷ್ಟೇನೂ ದೂರದ ಊರಾಗಿ ಕಾಣುವುದಿಲ್ಲ.

ಅವರು ಸಂಗೀತ ಕಲಿತದ್ದು ಯಾರಿಂದ?

ನೋವಾರದ ಪ್ರಧಾನಾಲಯದ ಸಂಗೀತ ನಿರ್ದೇಶಕರಾಗಿದ್ದ ಗಾಸ್ಪರೊ ಕಸಾತಿ ಅವರಿಂದ ಕಲಿತಿರಬೇಕೆಂದು ಸಂಗೀತ ಚರಿತ್ರೆಕಾರರು ಊಹಿಸುತ್ತಾರೆ. ಊಹೆಗೆ ಆಧಾರವಾಗಿರುವುದು 1640ರಲ್ಲಿ ಹೊರಬಂದ ಕಸಾತಿಯವರ ಧಾರ್ಮಿಕ ಗೀತೆಗಳ ಮೂರನೆಯ ಪುಸ್ತಕ. ಅದರಲ್ಲಿ ಇಸಾಬೆಲ್ಲಾ ಅವರ ಎರಡು ರಚನೆಗಳು ಸೇರಿವೆ. ಆಗ ಅವರಿಗೆ ಇಪ್ಪತ್ತು ವರ್ಷ, ಮಠ ಸೇರಿ ನಾಲ್ಕು ವರ್ಷ. ಹಿರಿಯ ಸಂಗೀತಗಾರರೊಬ್ಬರು ತಮ್ಮ ಪುಸ್ತಕದಲ್ಲಿ ಎಳೆಯ ಕನ್ಯಾಸ್ತ್ರೀಯ ರಚನೆಗಳಿಗೆ ಜಾಗ ಕೊಟ್ಟರೆಂದರೆ ಅದರಲ್ಲಿ ಗುರುವಿನ ಹೆಮ್ಮೆ ಕಾಣುತ್ತದೆ. ಮರುವರ್ಷವೇ ಕಸಾತಿ ತೀರಿಕೊಂಡರು.

'ಮಾಜಿಸ್ತ್ರಾ ಮೂಸಿಕೆ' ಎಂದರೇನು? ಅವರು ಏನನ್ನು, ಹೇಗೆ ಕಲಿಸುತ್ತಿದ್ದರು?

1658ರ ದಾಖಲೆಯಲ್ಲಿ ಅವರ ಹೆಸರಿನ ಜೊತೆ ಈ ಲ್ಯಾಟಿನ್ ಬಿರುದು ಬರುತ್ತದೆ. ಸಂಗೀತದ ಶಿಕ್ಷಕಿ ಎಂಬುದು ನೇರ ಅರ್ಥ. ಮಠದ ಸಹೋದರಿಯರನ್ನು ಹಾಡಲು, ನುಡಿಸಲು ತಯಾರು ಮಾಡುವುದು ಅವರ ಹೊಣೆ ಎಂದಾಯಿತು.

ಆ ಕಾಲದ ಇಟಲಿಯಲ್ಲಿ ಸಂಗೀತ ಪಾಠ ಶುರುವಾಗುತ್ತಿದ್ದದ್ದು ಎಡಗೈಯ ಅಂಗೈಯಿಂದ. ಇದನ್ನು ಗ್ವಿದೊ ಎಂಬ ಹನ್ನೊಂದನೆಯ ಶತಮಾನದ ಮಠವಾಸಿಯ ಹೆಸರಿನಲ್ಲಿ 'ಗ್ವಿದೊನ ಕೈ' ಎನ್ನುತ್ತಾರೆ. ಹೆಬ್ಬೆರಳ ತುದಿ ಅತ್ಯಂತ ಕೆಳಗಿನ ಸ್ವರ. ಅಲ್ಲಿಂದ ಹೆಬ್ಬೆರಳ ಗೆಣ್ಣುಗಳಲ್ಲಿ ಇಳಿದು, ಬೆರಳುಗಳ ಬುಡದಲ್ಲಿ ಅಡ್ಡವಾಗಿ ಸಾಗಿ, ಕಿರುಬೆರಳನ್ನು ಏರಿ, ಸುರುಳಿಯಂತೆ ಒಳಕ್ಕೆ ತಿರುಗುತ್ತ ಒಂದೊಂದು ಗೆಣ್ಣಿಗೂ ಒಂದೊಂದು ಸ್ವರಸ್ಥಾನ. ಗುರು ತನ್ನ ಅಂಗೈಯ ಗೆಣ್ಣನ್ನು ಮುಟ್ಟಿ ತೋರಿಸಿದರೆ ಶಿಷ್ಯೆ ಆ ಸ್ವರವನ್ನು ಹಾಡಬೇಕು. ಹೆಸರುಗಳು ಆರು: ಉತ್, ರೆ, ಮಿ, ಫಾ, ಸೊಲ್, ಲಾ. ನಮ್ಮ ಸರಳೆ ವರಸೆ ಕಲಿತವರಿಗೆ ಇದರ ಶಿಸ್ತು ಕೂಡಲೇ ತಿಳಿಯುತ್ತದೆ. ಆದರೆ ಒಂದು ತೊಡಕು ಇಲ್ಲಿ ಹೆಚ್ಚು: ಹೆಸರುಗಳು ಆರೇ ಇರುವುದರಿಂದ ರಾಗ ಮೇಲೇರಿದಂತೆ ಶಿಷ್ಯೆ ನಡುದಾರಿಯಲ್ಲಿ ಹೆಸರನ್ನು ಬದಲಾಯಿಸಿಕೊಳ್ಳಬೇಕು, ಈಗ ಸೊಲ್ ಆಗಿದ್ದುದನ್ನು ಅಲ್ಲಿಯೇ ಉತ್ ಎಂದುಕೊಂಡು ಮುಂದುವರಿಯಬೇಕು.

ಇದು ಹಿಡಿತಕ್ಕೆ ಬಂದ ಮೇಲೆ ತಾಳದ ಅಳತೆಯಿಲ್ಲದ ಹಳೆಯ ಏಕಧ್ವನಿ ಪ್ರಾರ್ಥನಾಗಾನ. ಅದರ ನಂತರ ಅಳತೆಯುಳ್ಳ, ಹಲವು ಧ್ವನಿಗಳು ಬೇರೆ ಬೇರೆ ಸ್ವರಸಾಲುಗಳಲ್ಲಿ ಒಟ್ಟಿಗೆ ನಡೆಯುವ ಬಹುಧ್ವನಿ ಗಾಯನ. ಕೈ ಚುರುಕಾಗಿದ್ದವರಿಗೆ ಆರ್ಗನ್. ಆರ್ಗನ್ ವಾದಕಿಯ ಮುಂದೆ ಇರುತ್ತಿದ್ದ ಪುಟದಲ್ಲಿ ಎರಡೂ ಕೈಗಳಿಗೆ ಬೇಕಾದ ಸ್ವರಗಳೆಲ್ಲ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಮಂದ್ರದ ಒಂದೇ ಸಾಲು, ಅಲ್ಲಲ್ಲಿ 6, 7, 4, 3 ಎಂಬ ಸಣ್ಣ ಅಂಕಿಗಳು. ಆ ಅಂಕಿ ನೋಡಿ, ಕೆಳಗಿನ ಸ್ವರದಿಂದ ಎಣಿಸಿ, ಬಲಗೈಯಲ್ಲಿ ಯಾವ ಸ್ವರಗಳನ್ನು ಒತ್ತಬೇಕೆಂದು ಅವಳೇ ಆ ಕ್ಷಣದಲ್ಲಿ ತೀರ್ಮಾನಿಸಬೇಕು. ನಮ್ಮ ತಂಬೂರಿಯ ಶ್ರುತಿಗೆ ಇದನ್ನು ಹೋಲಿಸುವವರಿದ್ದಾರೆ. ನನಗೆ ಆ ಹೋಲಿಕೆ ಸರಿಯೆನಿಸುವುದಿಲ್ಲ. ಶ್ರುತಿ ಒಂದೆಡೆ ನಿಲ್ಲುವಂಥದು, ಈ ಮಂದ್ರದ ಸಾಲು ಹಾಡಿನ ಜೊತೆಗೆ ಹೆಜ್ಜೆ ಹಾಕುತ್ತ ಹಾಡನ್ನು ಮುಂದಕ್ಕೆ ಒಯ್ಯುವಂಥದು. ಲಿಯೊನಾರ್ದಾ ಅವರ ಪ್ರತಿಯೊಂದು ಸಂಪುಟವೂ ಇಂಥ ವಾದಕಿಯೊಬ್ಬಳನ್ನು ಬೇಡುತ್ತದೆ. ಅಂಥವಳನ್ನು ತಯಾರು ಮಾಡಲು ವರ್ಷಗಳೇ ಹಿಡಿಯುತ್ತವೆ.

ಪುಸ್ತಕದ ರೂಪವೂ ಪಾಠವನ್ನು ಪ್ರಭಾವಿಸುತ್ತಿತ್ತು. ಎಲ್ಲ ಧ್ವನಿಗಳನ್ನೂ ಒಂದರ ಕೆಳಗೊಂದು ತೋರಿಸುವ ಪುಟಗಳನ್ನು ಆಗ ಸಾಮಾನ್ಯವಾಗಿ ಅಚ್ಚು ಹಾಕುತ್ತಿರಲಿಲ್ಲ. ಮೇಲಿನ ಧ್ವನಿಗೆ ಒಂದು ತೆಳು ಪುಸ್ತಕ, ಮಂದ್ರಕ್ಕೆ ಇನ್ನೊಂದು, ವಯಲಿನ್‌ಗೆ ಮತ್ತೊಂದು, ಆರ್ಗನ್‌ಗೆ ಬೇರೆ. ಹಾಡುವವಳಿಗೆ ಪಕ್ಕದವಳು ಏನು ಹಾಡುತ್ತಾಳೆಂದು ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು. ಎಣಿಕೆ ತಪ್ಪಿದರೆ ಮರಳಿ ಸೇರಿಕೊಳ್ಳಲು ಪುಟದಲ್ಲಿ ಯಾವ ಗುರುತೂ ಇಲ್ಲ. ಆದ್ದರಿಂದ ಸಂಗೀತ ಶಿಕ್ಷಕಿಯ ಕೆಲಸದ ದೊಡ್ಡ ಪಾಲು ಸ್ವರ ಹೇಳಿಕೊಡುವುದಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಕಲಿಸುವುದೇ ಆಗಿತ್ತು.

ಮಠದಲ್ಲಿ ಹೆಂಗಸರೇ ಇದ್ದರೆ ಗಂಡು ಧ್ವನಿಯ ಭಾಗಗಳನ್ನು ಹಾಡುತ್ತಿದ್ದವರು ಯಾರು?

ಬಹಳ ಜನ ಕೇಳುವ ಪ್ರಶ್ನೆ, ಸಹಜವೂ ಹೌದು. ಅವರ ಬಲಿಪೂಜೆಯ, ಅಂದರೆ ಚರ್ಚಿನ ಮುಖ್ಯ ಆರಾಧನೆಯಾದ ಮಾಸ್‌ನ, ಸಂಗೀತದಲ್ಲಿ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕೂ ಧ್ವನಿಗಳಿಗೆ ಭಾಗಗಳಿವೆ; ಕೊನೆಯ ಎರಡು ಗಂಡು ಧ್ವನಿಯವು. ಇಟಲಿಯ ಕನ್ಯಾಮಠಗಳಲ್ಲಿ ಇದಕ್ಕೆ ಹಲವು ಉಪಾಯಗಳಿದ್ದವು. ಇಡೀ ರಚನೆಯನ್ನೇ ಕೆಲವು ಸ್ವರ ಮೇಲಕ್ಕೆ ಏರಿಸಿ ಹಾಡುವುದು ಒಂದು. ಬಾಸ್ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡಿ, ಅದರ ನಿಜವಾದ ಮಂದ್ರವನ್ನು ಆರ್ಗನ್ ಅಥವಾ ವಯೋಲೋನೆ ಎಂಬ ದೊಡ್ಡ ತಂತಿವಾದ್ಯಕ್ಕೆ ಬಿಡುವುದು ಇನ್ನೊಂದು. ಇವೆರಡಕ್ಕೂ ಮಿಗಿಲಾಗಿ, ನಿಜವಾಗಿಯೂ ತಗ್ಗಿನ ಧ್ವನಿಯುಳ್ಳ ಹೆಂಗಸರು ಮಠಗಳಲ್ಲಿದ್ದರು ಮತ್ತು ಅವರಿಗೆ ಬಹಳ ಬೇಡಿಕೆಯಿತ್ತು. ಹಾಡುವ ಹೆಣ್ಣಿನ ಧ್ವನಿ ಎಂದರೆ ಏರುಧ್ವನಿಯೇ ಎಂಬ ನಮ್ಮ ಇಂದಿನ ಕಿವಿಯ ಅಭ್ಯಾಸವನ್ನು ಆ ಮಠಗಳಿಗೆ ಅಂಟಿಸಬಾರದು.

ಇನ್ನೊಂದು ಮಾತು: ಮುದ್ರಿತ ಪುಸ್ತಕ ಮಾರಾಟವಾಗಬೇಕಾದದ್ದು ಹೊರಗಿನ ದೇವಾಲಯಗಳಿಗೂ. ಆದ್ದರಿಂದ ನಾಲ್ಕು ಧ್ವನಿಗಳಿಗೆ ಬರೆಯುವುದು ಪ್ರಕಾಶನದ ದೃಷ್ಟಿಯಿಂದಲೂ ಜಾಣತನವಾಗಿತ್ತು.

ಕನ್ಯಾಸ್ತ್ರೀಯರು ಹಾಡುವುದನ್ನು ಚರ್ಚ್ ನಿಷೇಧಿಸಿತ್ತು ಎಂದು ಕೇಳಿದ್ದೇನೆ. ನಿಜವೇ?

ಒಂದೇ ಮಾತಿನಲ್ಲಿ ಹೌದು ಎನ್ನಲಾಗದು, ಇಲ್ಲ ಎನ್ನಲೂ ಆಗದು. ತ್ರೆಂತ್ ಪಟ್ಟಣದಲ್ಲಿ ಸೇರಿದ್ದ ಕಥೋಲಿಕ ಚರ್ಚಿನ ಮಹಾಸಭೆ 1563ರಲ್ಲಿ ಮುಗಿಯುವಾಗ ಕನ್ಯಾಸ್ತ್ರೀಯರು ಮಠದ ಆವರಣವನ್ನು ಬಿಟ್ಟು ಹೊರಡಬಾರದೆಂದು ಬಿಗಿಯಾಗಿ ವಿಧಿಸಿತು. ಮಠದೊಳಗಿನ ಬಹುಧ್ವನಿ ಗಾಯನದ ವಿಷಯವನ್ನು ಮಾತ್ರ ಆಯಾ ಧರ್ಮಪ್ರಾಂತ್ಯದ ಬಿಷಪ್ಪರ ವಿವೇಚನೆಗೆ ಬಿಟ್ಟಿತು. ಇದರ ಪರಿಣಾಮವಾಗಿ ಊರಿಗೊಂದು ನಿಯಮ, ಬಿಷಪ್ಪರು ಬದಲಾದಂತೆ ಹೊಸ ನಿಯಮ. ಮಿಲಾನಿನಲ್ಲಿ ಮಹಾಧರ್ಮಾಧ್ಯಕ್ಷ ಫೆದೆರಿಕೊ ಬೊರೊಮೆಯೊ ಅವರು ಕನ್ಯಾಸ್ತ್ರೀಯರ ಸಂಗೀತವನ್ನು ಪ್ರೀತಿಯಿಂದ ಬೆಂಬಲಿಸಿದರು. ಅದೇ ಪೀಠಕ್ಕೆ ಮುಂದೆ ಬಂದ ಅಲ್ಫೊನ್ಸೊ ಲಿತ್ತಾ ಅದನ್ನು ಹತ್ತಿಕ್ಕಲು ನೋಡಿದರು. ಬೊಲೊನ್ಯಾದಲ್ಲಿ ಹತ್ತಾರು ವರ್ಷ ಒಂದಾದ ಮೇಲೊಂದು ನಿರ್ಬಂಧ ಬಂತು: ವಾದ್ಯ ಆರ್ಗನ್ ಒಂದೇ ಇರಬೇಕು, ಹೊರಗಿನ ಸಂಗೀತ ಗುರು ಒಳಗೆ ಬರಕೂಡದು, ಹೀಗೆ.

ಇಷ್ಟೆಲ್ಲ ನಿಷೇಧಾಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂದದ್ದೇ ಸಹೋದರಿಯರು ಹಾಡುವುದನ್ನು ನಿಲ್ಲಿಸಿರಲಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಊರಿನವರು ದೇವಾಲಯದ ಹೊರಭಾಗದಲ್ಲಿ ಕೂತು, ಜಾಲರಿಯ ಹಿಂದಿನಿಂದ ಬರುವ ಧ್ವನಿಯನ್ನು ಹಾಡುವವರ ಮುಖ ಕಾಣದೆಯೇ ಕೇಳುತ್ತಿದ್ದರು. ಅದನ್ನು ಕೇಳಲೆಂದೇ ದೂರದ ಪ್ರಯಾಣಿಕರು ಮಿಲಾನ್, ಬೊಲೊನ್ಯಾಗಳ ಮಠಗಳಿಗೆ ಬರುತ್ತಿದ್ದರು.

ಈ ನಿಯಮಗಳಿಗೂ ನಮ್ಮ ವಿಷಯಕ್ಕೂ ಇರುವ ಗಟ್ಟಿ ಸಂಬಂಧ ಇಲ್ಲಿದೆ. ಹೊರಗಿನ ಗಂಡು ಗುರು ಒಳಗೆ ಬರುವಂತಿಲ್ಲ ಎಂದಾದಾಗ ಸಂಗೀತ ಉಳಿಯಬೇಕಾದರೆ ಒಳಗಿನವರೇ ಕಲಿಸಬೇಕು. 1686ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಅವರು ಹೆಂಗಸರು ಗಂಡಸರಿಂದ ಸಂಗೀತ ಕಲಿಯಬಾರದೆಂದೇ ಆಜ್ಞೆ ಹೊರಡಿಸಿದರು. ಇಂಥ ಗಾಳಿ ಬೀಸುತ್ತಿದ್ದ ಕಾಲದಲ್ಲಿ ಮಠದ ಸಂಗೀತ ಶಿಕ್ಷಕಿ ಎಂಬವಳು ಒಂದು ಪರಂಪರೆಯ ಕೊಂಡಿ. ಆಕೆ ಕಲಿಸದೆ ಹೋದರೆ ಒಂದು ತಲೆಮಾರಿನಲ್ಲಿ ಆ ಮನೆಯ ಹಾಡು ಮೂಕವಾಗುತ್ತಿತ್ತು.

ಆ ಕಾಲದಲ್ಲಿ ಸಂಗೀತ ರಚಿಸಿದ ಕನ್ಯಾಸ್ತ್ರೀ ಅವರೊಬ್ಬರೇ?

ಅಲ್ಲ. ಫೆರಾರಾದ ರಫಾಯೆಲ್ಲಾ ಅಲಿಯೊತ್ತಿ ಅವರ ಪುಸ್ತಕ 1593ರಲ್ಲಿಯೇ ಬಂದಿತ್ತು. ಮೊದೆನಾದ ಸುಲ್ಪಿಟ್ಸಿಯಾ ಚೆಸಿಸ್ 1619ರಲ್ಲಿ, ಬೊಲೊನ್ಯಾದ ಲುಕ್ರೇಟ್ಸಿಯಾ ವಿಜ್ಜಾನಾ 1623ರಲ್ಲಿ, ಮಿಲಾನಿನ ಕ್ಯಾರಾ ಮಾರ್ಗರಿತಾ ಕೊಜ್ಜೊಲಾನಿ 1642 ಮತ್ತು 1650ರಲ್ಲಿ ತಮ್ಮ ಸಂಪುಟಗಳನ್ನು ಮುದ್ರಿಸಿದರು. ಆದರೆ ಒಂದೇ ಹೆಸರಿನಲ್ಲಿ ಇಪ್ಪತ್ತು ಸಂಪುಟ ತಲುಪಿದವರು ಲಿಯೊನಾರ್ದಾ ಒಬ್ಬರೇ.

ಮಠದೊಳಗಿದ್ದುಕೊಂಡು ಪುಸ್ತಕ ಮುದ್ರಿಸಿದ್ದು ಹೇಗೆ? ಎರಡೆರಡು ಅರ್ಪಣೆ ಏಕೆ?

ಆರಂಭದ ಸಂಪುಟಗಳು ಮಿಲಾನ್ ಮತ್ತು ವೆನಿಸ್‌ಗಳಲ್ಲಿ ಅಚ್ಚಾದವು. ಮುಂದಿನವು ಹೆಚ್ಚಾಗಿ ಬೊಲೊನ್ಯಾದ ಮೊಂತಿ ಮುದ್ರಣಾಲಯದಲ್ಲಿ. ಮುದ್ರಣಕ್ಕೆ ಹಣ ಬೇಕು, ಹಣಕ್ಕೆ ದೊಡ್ಡವರ ಆಶ್ರಯ ಬೇಕು. ಆದ್ದರಿಂದ ಪ್ರತಿ ಪುಸ್ತಕವನ್ನೂ ಯಾರಾದರೊಬ್ಬ ಗಣ್ಯರಿಗೆ ಅರ್ಪಿಸುವುದು ಎಲ್ಲ ಸಂಯೋಜಕರ ರೂಢಿ. ಲಿಯೊನಾರ್ದಾ ಅವರು ಅರ್ಪಿಸಿದ ಗಣ್ಯರಲ್ಲಿ ನೋವಾರದ ಬಿಷಪ್ಪರು, ಮಿಲಾನಿನ ಮಹಾಧರ್ಮಾಧ್ಯಕ್ಷರು, ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡ್ ಇದ್ದಾರೆ. ಆದರೆ ಅವರ ಪುಸ್ತಕಗಳಲ್ಲಿ ಆ ಗಣ್ಯರ ಜೊತೆಗೆ ಮಾತೆ ಮರಿಯಮ್ಮನವರಿಗೂ ಒಂದು ಅರ್ಪಣಾ ಪತ್ರವಿರುತ್ತದೆ. ಅದು ಎದುರಿಗಿರುವ ತಾಯಿಯೊಡನೆ ಮಾತಾಡುವಂಥ ಪತ್ರ. ಹತ್ತನೆಯ ಸಂಪುಟದ ಅರ್ಪಣೆಯಲ್ಲಿ ಅವರು, ಲೋಕದ ಮೆಚ್ಚುಗೆ ಗಳಿಸಲೆಂದು ತಾನು ಸಂಗೀತ ಬರೆಯುತ್ತಿಲ್ಲ, ತಾನು ಕನ್ಯಾಮಾತೆಯ ಭಕ್ತೆಯೆಂದು ಎಲ್ಲರಿಗೂ ತಿಳಿಯಲೆಂದು ಬರೆಯುತ್ತೇನೆ ಎಂಬ ಅರ್ಥದ ಮಾತು ಹೇಳಿದ್ದಾರೆ.

ಹರಿದಾಸರ ಅಂಕಿತವನ್ನು ಬಲ್ಲ ನಮಗೆ, ಹಾಡನ್ನು ಹಾಡಿದವರ ಹೆಸರಿಗಿಂತ ಅದನ್ನು ಯಾರಿಗೆ ಒಪ್ಪಿಸಲಾಯಿತು ಎಂಬುದೇ ಮುಖ್ಯವಾಗುವ ಈ ಮನಸ್ಸು ಅಪರಿಚಿತವಲ್ಲ. ಈ ಮಾತನ್ನು ಬರಿಯ ವಿನಯದ ಶಿಷ್ಟಾಚಾರ ಎಂದು ತಳ್ಳಿಹಾಕುವ ಬರಹಗಳನ್ನು ನೋಡಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ಶಿಷ್ಟಾಚಾರಕ್ಕಾದರೆ ಗಣ್ಯರ ಅರ್ಪಣೆಯೊಂದೇ ಸಾಕಾಗಿತ್ತು.

ಆಡಳಿತದ ಹೊಣೆಯ ನಡುವೆ ರಚನೆಗೆ ಸಮಯ ಎಲ್ಲಿಂದ ಬರುತ್ತಿತ್ತು?

1676ರ ಹೊತ್ತಿಗೆ ಅವರು 'ಮಾದ್ರೆ', ಅಂದರೆ ಮಾತೆ ಎನಿಸಿಕೊಂಡಿದ್ದರು. 1686ರಲ್ಲಿ ಮಠದ ಮುಖ್ಯಸ್ಥೆ, ಈಗಿನ ಮಾತಿನಲ್ಲಿ ಮದರ್ ಸುಪೀರಿಯರ್, 1693ರಲ್ಲಿ 'ಮಾದ್ರೆ ವಿಕಾರಿಯಾ', ಅಂದರೆ ಉಪಮುಖ್ಯಸ್ಥೆ, 1700ರಲ್ಲಿ ಸಲಹೆಗಾರ್ತಿ. ಮಠದ ಹೊಣೆಗಳಿಗೆ ಅಡ್ಡಿಯಾಗದಂತೆ, ವಿಶ್ರಾಂತಿಗೆಂದು ಕೊಟ್ಟ ವೇಳೆಯಲ್ಲಿ ಮಾತ್ರ ತಾನು ಸಂಗೀತ ಬರೆಯುವುದಾಗಿ ಅವರೇ ಒಂದು ಕಡೆ ಹೇಳಿಕೊಂಡಿದ್ದಾರೆ. ಇಷ್ಟು ಸಂಪುಟಗಳು ನಿದ್ದೆಯಿಂದ ಕದ್ದ ಗಳಿಗೆಗಳಲ್ಲಿ ಬೆಳೆದವು ಎಂದಾಯಿತು.

ಹೆಚ್ಚಿನ ಕೃತಿಗಳು ಐವತ್ತರ ನಂತರ ಬಂದದ್ದೇಕೆ?

1640ರಲ್ಲಿ ಎರಡು ರಚನೆ ಅಚ್ಚಾದ ಮೇಲೆ ದೀರ್ಘ ಮೌನವಿದೆ. ನಂತರ, ಮುಖ್ಯವಾಗಿ 1670ರಿಂದ 1700ರವರೆಗೆ, ಒಂದಾದ ಮೇಲೊಂದು ಸಂಪುಟ ಬರುತ್ತದೆ. ನಡುವಿನ ವರ್ಷಗಳನ್ನು ವ್ಯರ್ಥವಾದ ಕಾಲವೆಂದು ಕೆಲವರು ಓದುತ್ತಾರೆ. ನಾನು ಆ ಅವಧಿಯನ್ನು ಹಾಗೆ ಕಾಣಲಾರೆ, ಏಕೆಂದರೆ 1658ರ ಬಿರುದು ಅದರ ನಟ್ಟನಡುವೆ ನಿಂತಿದೆ. ಅವು ಕಲಿಸಿದ ವರ್ಷಗಳು. ಒಂದು ಧ್ವನಿ ಎಲ್ಲಿ ಬಳಲುತ್ತದೆ, ಉಸಿರು ಎಲ್ಲಿ ಬೇಕು, ಎಳೆಯ ಕಂಠಕ್ಕೆ ಯಾವ ಓಟ ಸುಲಭ, ಯಾವುದು ಕಠಿಣ ಎಂಬುದನ್ನು ದಿನನಿತ್ಯ ಕೇಳುತ್ತ ಕಲಿತ ಕಿವಿಯೇ ಮುಂದೆ ಒಂಟಿ ಧ್ವನಿಗೆ ಅಷ್ಟೊಂದು ಮೋಟೆಟ್‌ಗಳನ್ನು, ಅಂದರೆ ಲ್ಯಾಟಿನ್ ಧಾರ್ಮಿಕ ಗೀತೆಗಳನ್ನು, ಬರೆಯಿಸಿತು ಎಂದು ಅವುಗಳ ಸ್ವರಲಿಪಿಯನ್ನು ತೆರೆದು ನೋಡಿದಾಗಲೆಲ್ಲ ನನಗೆ ಅನಿಸುತ್ತದೆ.

ಅವರ ಕೃತಿಗಳು ಯಾವ ಬಗೆಯವು?

ಬಹುಪಾಲು ಮೋಟೆಟ್‌ಗಳು, ಅದರಲ್ಲೂ ಒಂಟಿ ಧ್ವನಿಗೆ ಬರೆದವು. ಯೇಸುಸ್ವಾಮಿಯ ಮೇಲಿನ ಪ್ರೀತಿ, ಮಾತೆ ಮರಿಯಮ್ಮನವರ ಸ್ತುತಿ, ಪರಮಪ್ರಸಾದದ ಧ್ಯಾನ ಇವುಗಳ ವಸ್ತು. ಇವಲ್ಲದೆ ಸಂಜೆಯ ಪ್ರಾರ್ಥನೆಗೆ ಹಾಡುವ ಕೀರ್ತನೆಗಳಿಗೆ ಹಾಕಿದ ಸಂಗೀತವಿದೆ. 1678ರ ಎಂಟನೆಯ ಸಂಪುಟದಲ್ಲಿ ಕನ್ಯಾಮಾತೆಯ ಹಬ್ಬದ ಸಂಜೆ ಪ್ರಾರ್ಥನೆಯ ಸಂಗೀತವಿದೆ. 1674ರ ನಾಲ್ಕನೆಯ ಸಂಪುಟದಲ್ಲಿಯೂ 1696ರ ಹದಿನೆಂಟನೆಯ ಸಂಪುಟದಲ್ಲಿಯೂ ಬಲಿಪೂಜೆಯ ಸಂಗೀತವಿದೆ. ಎರಡನೆಯದರಲ್ಲಿ ಧ್ವನಿಗಳ ಜೊತೆ ವಯಲಿನ್‌ಗಳೂ ಇವೆ.

ಸೊನಾಟಾ ಪ್ರಕಟಿಸಿದ ಮೊದಲ ಮಹಿಳೆ ಅವರೇ ಎಂಬುದು ನಿಜವೇ?

ಹೌದು, 1693ರಲ್ಲಿ ಬೊಲೊನ್ಯಾದಲ್ಲಿ ಅಚ್ಚಾದ ಅವರ ಹದಿನಾರನೆಯ ಸಂಪುಟವನ್ನು ಮಹಿಳೆಯೊಬ್ಬರು ಪ್ರಕಟಿಸಿದ ಮೊದಲ ವಾದ್ಯ ಸೊನಾಟಾಗಳ ಪುಸ್ತಕವೆಂದು ಚರಿತ್ರೆಕಾರರು ಗುರುತಿಸುತ್ತಾರೆ. ಹಾಡಿನ ಪದಗಳಿಲ್ಲದ ಶುದ್ಧ ವಾದ್ಯಸಂಗೀತ ಇದು. ಅದರಲ್ಲಿ ಹನ್ನೆರಡು ಸೊನಾಟಾಗಳಿವೆ. ಹನ್ನೊಂದು ಎರಡು ವಯಲಿನ್, ವಯೋಲೋನೆ ಮತ್ತು ಆರ್ಗನ್‌ಗೆ; ಹನ್ನೆರಡನೆಯದು ಒಂಟಿ ವಯಲಿನ್ ಮತ್ತು ಆರ್ಗನ್‌ಗೆ. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಆ ಕಾಲದ ಪ್ರಸಿದ್ಧ ವಯಲಿನ್ ಸಂಯೋಜಕ ಕೊರೆಲ್ಲಿ ಅವರ ಸೊನಾಟಾಗಳಲ್ಲಿ ಸಾಮಾನ್ಯವಾಗಿ ನಾಲ್ಕು ಖಂಡಗಳಿರುತ್ತವೆ. ಲಿಯೊನಾರ್ದಾ ಅವರು ಆ ಅಚ್ಚಿಗೆ ಒಗ್ಗದೆ, ಕೆಲವೆಡೆ ಚಿಕ್ಕ ಚಿಕ್ಕ ಖಂಡಗಳನ್ನು ಅದಕ್ಕಿಂತ ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿ ಪೋಣಿಸುತ್ತಾರೆ.

ಈ ಪುಸ್ತಕವನ್ನು ಕನ್ಯಾಮಾತೆಗೂ, ಆ ವರ್ಷವೇ ಮಿಲಾನಿನ ಮಹಾಧರ್ಮಾಧ್ಯಕ್ಷರಾದ ಫೆದೆರಿಕೊ ಕಾಚಾ ಅವರಿಗೂ ಅರ್ಪಿಸಿದ್ದಾರೆ. ಕಾಚಾ ಹುಟ್ಟಿದ್ದು ನೋವಾರದಲ್ಲಿ.

ಅವರನ್ನು ಸಂತರೆಂದು ಘೋಷಿಸಲಾಗಿದೆಯೇ?

ಇಲ್ಲ.

ಅವರ ಹೆಸರು ಮರೆಯಾದದ್ದು, ಮತ್ತೆ ಬೆಳಕಿಗೆ ಬಂದದ್ದು ಹೇಗೆ?

ಅವರ ಕೀರ್ತಿ ಆಲ್ಪ್ಸ್ ಪರ್ವತವನ್ನು ದಾಟಿತ್ತು. ಫ್ರಾನ್ಸಿನ ಸಂಗೀತ ವಿದ್ವಾಂಸ ಸೆಬಾಸ್ತಿಯನ್ ದ ಬ್ರೊಸಾರ್ ಅವರು ತಮ್ಮ ಸಂಗ್ರಹದ ಪಟ್ಟಿಯಲ್ಲಿ ಈ ಕೃತಿಗಳ ಸೊಬಗನ್ನೂ ವಿದ್ವತ್ತನ್ನೂ ಮನಸಾರೆ ಹೊಗಳಿ, ಅವರ ಎಲ್ಲ ಪುಸ್ತಕಗಳೂ ತಮ್ಮ ಬಳಿ ಇಲ್ಲವೆಂಬುದೇ ತಮಗಿರುವ ದೊಡ್ಡ ಕೊರಗು ಎಂದು ಬರೆದಿಟ್ಟಿದ್ದಾರೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಸಂಗೀತದ ಅಭಿರುಚಿ ಬದಲಾಯಿತು, ಧ್ವನಿವಾರು ಪುಸ್ತಕಗಳು ಒಂದೊಂದಾಗಿ ಚದುರಿದವು. ಒಂದು ಸಂಪುಟದ ಆರ್ಗನ್ ಭಾಗ ಕಳೆದುಹೋದರೂ ಇಡೀ ಸಂಪುಟ ಮೂಕವಾಗುತ್ತದೆ. ಆದರೂ ಅವರ ಹೆಚ್ಚಿನ ಪುಸ್ತಕಗಳು ಉಳಿದುಕೊಂಡವು. ಬೊಲೊನ್ಯಾದ ಸಂಗೀತ ಗ್ರಂಥಾಲಯದ ಪಾಲು ಇದರಲ್ಲಿ ದೊಡ್ಡದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕನ್ಯಾಮಠಗಳ ಸಂಗೀತವನ್ನು ವಿದ್ವಾಂಸರು ಹೊಸದಾಗಿ ಓದತೊಡಗಿದಾಗ ಅವರ ಕೃತಿಗಳು ಆಧುನಿಕ ಸ್ವರಲಿಪಿಯಲ್ಲಿ ಅಚ್ಚಾಗಿ ಮತ್ತೆ ಹಾಡುವವರ ಕೈಗೆ ಬಂದವು. ಬೊಲೊನ್ಯಾದ ಕಪ್ಪೆಲ್ಲಾ ಆರ್ತೆಮೀಸಿಯಾ ತಂಡ ಕನ್ಯಾಮಠಗಳ ಇಂಥ ಸಂಗೀತವನ್ನು ಹೆಣ್ಣು ಧ್ವನಿಗಳಲ್ಲಿಯೇ ಹಾಡುತ್ತ ಬಂದಿದೆ. ಬಾಸ್ ಸಾಲಿನ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಹೇಳುವುದು ಆ ತಂಡದ ಧ್ವನಿಮುದ್ರಿಕೆಗಳನ್ನು ಕೇಳಿ ಎಂದು.

ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರು ಎಲ್ಲಿಂದ ಕೇಳಲು ಆರಂಭಿಸಬಹುದು?

ಹನ್ನೆರಡನೆಯ ಸೊನಾಟಾದಿಂದ. ಒಂಟಿ ವಯಲಿನ್ ಆದ್ದರಿಂದ ಕಿವಿಗೆ ಹಿಡಿಯುವುದು ಸುಲಭ; ಪಿಟೀಲು ಕೇಳಿ ಬೆಳೆದ ಕನ್ನಡಿಗರಿಗೆ ಇನ್ನೂ ಸುಲಭ. ಮೊದಲ ಸಲ ಕೇಳುವಾಗ ವಯಲಿನನ್ನು ಮಾತ್ರ ಹಿಂಬಾಲಿಸಿ. ನಿಧಾನವಾದ, ದುಗುಡ ತುಂಬಿದ ಆರಂಭವಿದೆ, ಆಮೇಲೆ ಓಟ, ನಡುವೆ ಒಂದೆಡೆ ಆರ್ಗನ್ ಒಂದೇ ಸ್ವರವನ್ನು ಹಿಡಿದು ನಿಂತಾಗ ವಯಲಿನ್ ತಾಳದ ಹಂಗಿಲ್ಲದೆ ಮಾತಾಡುವಂತೆ ನುಡಿಯುತ್ತದೆ. ಎರಡನೆಯ ಸಲ ವಯಲಿನನ್ನು ಬಿಟ್ಟು ಆರ್ಗನನ್ನು ಕೇಳಿ. ಪುಟದ ಮೇಲೆ ಒಂದು ಸಾಲು ಮತ್ತು ಕೆಲವು ಅಂಕಿಗಳಷ್ಟೇ ಇದ್ದಲ್ಲಿ ಆ ವಾದಕರ ಬಲಗೈ ಏನೆಲ್ಲ ಮಾಡುತ್ತಿದೆ ಎಂಬುದು ಆಗ ಕೇಳಿಸುತ್ತದೆ. ಮೂರನೆಯ ಸಲಕ್ಕೆ ಒಂಟಿ ಧ್ವನಿಯ ಯಾವುದಾದರೂ ಒಂದು ಮೋಟೆಟ್ ಎತ್ತಿಕೊಳ್ಳಿ, ಸಾಧ್ಯವಾದರೆ 1700ರ ಕೊನೆಯ ಸಂಪುಟದಿಂದ. ಅದು ಅಚ್ಚಿಗೆ ಹೋದಾಗ ಅವರಿಗೆ ಎಂಬತ್ತರ ಹತ್ತಿರ ಹತ್ತಿರ.